ವಿಂಡೋಸ್ 10ರ ನಂತರ: ಹಳೆಯ ಕಂಪ್ಯೂಟರು, ಹಳೆಯ ಕನ್ನಡ ಕಡತಗಳು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಆ ದಿನ ಯಾರ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದವರಿಗೆ ಅದೇ ಪರದೆ, ಅದೇ ಕಡತಗಳು ಕಂಡವು. ಕಣ್ಣಿಗೆ ಬೀಳುವಂಥದ್ದೇನೂ ಆಗದಿದ್ದುದರಿಂದಲೇ ಮನೆಗಳಲ್ಲಿ, ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಈ ಪ್ರಶ್ನೆ ಇತ್ಯರ್ಥವಾಗದೆ ಉಳಿದುಬಿಟ್ಟಿದೆ: ಎಂಟು ಹತ್ತು ವರ್ಷಗಳಿಂದ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಯಂತ್ರದಲ್ಲಿ ಇನ್ನು ಮುಂದೆ ಯಾವ ಆಪರೇಟಿಂಗ್ ಸಿಸ್ಟಮ್ ಇರಬೇಕು? ಕಂಪ್ಯೂಟರ್ ಮಾರುವವರು ಹೊಸದನ್ನು ಕೊಳ್ಳಿ ಎನ್ನುತ್ತಾರೆ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಬಳಸುವ ಗೆಳೆಯರು ಅದನ್ನೇ ಹಾಕಿ ಎನ್ನುತ್ತಾರೆ. ಇಬ್ಬರೂ ಯಂತ್ರವನ್ನು ನೋಡಿ ಉತ್ತರ ಹೇಳುತ್ತಿದ್ದಾರೆ. ಆ ಯಂತ್ರದ ಮುಂದೆ ಕುಳಿತು ಮಾಡುವ ಕೆಲಸವನ್ನೂ ಅದರೊಳಗೆ ವರ್ಷಗಟ್ಟಲೆ ಕೂಡಿಟ್ಟ ಕಡತಗಳನ್ನೂ, ಅದರಲ್ಲೂ ಕನ್ನಡದ ಕಡತಗಳನ್ನು, ಮೊದಲು ನೋಡಿದರೆ ಉತ್ತರ ಬದಲಾಗುತ್ತದೆ ಎಂಬುದು ನನ್ನ ಅನುಭವ.

ಬೆಂಬಲ ನಿಂತಿತು ಎಂಬ ಮಾತಿನ ಅರ್ಥವನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತನ್ನ ತಂತ್ರಾಂಶಗಳಲ್ಲಿ ಪತ್ತೆಯಾದ ಭದ್ರತಾ ದೋಷಗಳಿಗೆ ತಿದ್ದುಪಡಿಗಳನ್ನು ಬಿಡುಗಡೆ ಮಾಡುತ್ತದೆ. ವಿಂಡೋಸ್ 10 ಮತ್ತು ವಿಂಡೋಸ್ 11ರ ಒಳಗಿನ ಬಹುಪಾಲು ಸಂಕೇತ (ಕೋಡ್) ಒಂದೇ ಆಗಿರುವುದರಿಂದ, 11ಕ್ಕೆ ತಿದ್ದುಪಡಿ ಬಂದಾಗಲೆಲ್ಲ ಅದನ್ನು ಬಿಚ್ಚಿ ನೋಡಿ, ಮೊದಲು ಏನಿತ್ತು, ಈಗ ಏನು ಬದಲಾಗಿದೆ ಎಂದು ಹೋಲಿಸುವ ದಾಳಿಕೋರರಿಗೆ 10ರಲ್ಲಿ ಹಾಗೆಯೇ ಉಳಿದ ಬಿರುಕು ಎಲ್ಲಿದೆ ಎಂಬ ಸುಳಿವು ಸಿಗುತ್ತದೆ. ಹೀಗಾಗಿ ಅಪಾಯ ಒಂದೇ ದಿನ ಎರಗುವುದಿಲ್ಲ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತ ಹೋಗುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಎಂಬ ವೈರಸ್ ನಿರೋಧಕಕ್ಕೆ 2028ರ ಅಕ್ಟೋಬರ್‌ವರೆಗೂ ಹೊಸ ವೈರಸ್‌ಗಳ ಮಾಹಿತಿ ಬರುತ್ತದೆ ಎಂಬುದು ನಿಜ. ಆದರೆ ಬಾಗಿಲಿನ ಅಗುಳಿಯೇ ಮುರಿದಿರುವಾಗ ಕಾವಲುಗಾರನೊಬ್ಬನನ್ನೇ ನಂಬಿ ಮಲಗುವುದು ಸರಿಯಲ್ಲ.

2017ರ ಮೇ 12ರಂದು ಹಬ್ಬತೊಡಗಿದ ವಾನಾಕ್ರೈ ದಾಳಿ ಈ ವಿಷಯದಲ್ಲಿ ಇಂದಿಗೂ ಓದಿಕೊಳ್ಳಬೇಕಾದ ಪಾಠ. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳನ್ನೂ ಸೇರಿಸಿ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ಆ ದಾಳಿ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ, ತಿದ್ದುಪಡಿ ಕೊಟ್ಟಿತ್ತು. 2014ರಲ್ಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಯ ಬಗ್ಗೆ ಆಗ ಎಲ್ಲರೂ ಮಾತನಾಡಿದರು. ಆದರೆ ಸೋಂಕು ತಗುಲಿದವುಗಳಲ್ಲಿ ಬಹುಪಾಲು ಬೆಂಬಲವಿದ್ದೂ ಅಪ್‌ಡೇಟ್ ಆಗದೆ ಉಳಿದಿದ್ದ ವಿಂಡೋಸ್ 7ರ ಯಂತ್ರಗಳು. ನಮ್ಮಲ್ಲಿ ಜೋಡಿಸಿ ಮಾರುವ ಎಷ್ಟೋ ಕಂಪ್ಯೂಟರುಗಳಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ, ‘ಅಪ್‌ಡೇಟ್ ಆದರೆ ತೊಂದರೆ’ ಎಂದು ಅದನ್ನು ಬಂದ್ ಮಾಡಿಯೇ ಕೊಡುವ ರೂಢಿಯಿದೆ. ಅಂಥ ಯಂತ್ರದಲ್ಲಿ ವಿಂಡೋಸ್ 11 ಇದ್ದರೂ ಅದು ಸುರಕ್ಷಿತವಲ್ಲ. ಕದ್ದ ವಿಂಡೋಸ್‌ನ ಹೊಸ ಆವೃತ್ತಿಗಿಂತ, ತಿಂಗಳು ತಿಂಗಳು ತಿದ್ದುಪಡಿ ಪಡೆಯುವ ಉಚಿತ ಲಿನಕ್ಸ್ ಎಷ್ಟೋ ಮೇಲು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಹಾಗಾದರೆ ವಿಂಡೋಸ್ 11ಕ್ಕೆ ಸುಮ್ಮನೆ ಏರಬಾರದೇ ಎಂದರೆ, ಅಡ್ಡ ಬರುವುದು ಯಂತ್ರಾಂಶದ ಷರತ್ತುಗಳು. ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಸ್ಥಳ ಎಂಬವು ದೊಡ್ಡ ಷರತ್ತುಗಳೇನಲ್ಲ. ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ನಂಬಿಕಸ್ಥ ತಂತ್ರಾಂಶದಿಂದಷ್ಟೇ ಯಂತ್ರ ಆರಂಭವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು ಎಂಬವೇ ನಿಜವಾದ ತಡೆಗಳು. ಆ ಪಟ್ಟಿ ಇಂಟೆಲ್‌ನಲ್ಲಿ, ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆಯಿಂದ ಆರಂಭವಾಗುತ್ತದೆ. ಎಎಂಡಿಯಲ್ಲಿ ಹೆಚ್ಚುಕಡಿಮೆ ರೈಜೆನ್ 2000 ಸರಣಿಯಿಂದ. 2017ಕ್ಕೆ ಮೊದಲು ಕೊಂಡ ಲ್ಯಾಪ್‌ಟಾಪ್ ಎಷ್ಟೇ ಚುರುಕಾಗಿದ್ದರೂ ಹೊರಗೇ ಉಳಿಯುತ್ತದೆ. ಟಿಪಿಎಂ ಹಿಂದೆ ನಿಜವಾದ ಭದ್ರತೆಯ ಕಾರಣವಿದೆ: ಡಿಸ್ಕನ್ನು ಗೂಢಲಿಪಿಗೆ ಬದಲಿಸುವ ಕೀಲಿಯನ್ನು ಅದು ಡಿಸ್ಕಿನಿಂದ ಹೊರಗೆ ಕಾಪಾಡುತ್ತದೆ. ಆದರೆ ಆ ಕಾರಣಕ್ಕಾಗಿ ಓಡುತ್ತಿರುವ ಯಂತ್ರವನ್ನೇ ಪಟ್ಟಿಯಿಂದ ಹೊರಹಾಕುವುದು ನನಗೆ ನ್ಯಾಯವೆನಿಸುವುದಿಲ್ಲ. ಈ ನಿರ್ಧಾರದಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು.

ಇಲ್ಲಿ ಒಂದು ಸಣ್ಣ ಎಚ್ಚರ ಹೇಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಸೆಸರ್ ಅರ್ಹವಾಗಿದ್ದರೂ ಟಿಪಿಎಂ ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಆಫ್ ಆಗಿರುವುದುಂಟು. ಇಂಟೆಲ್ ಬೋರ್ಡುಗಳಲ್ಲಿ ಅದಕ್ಕೆ ಪಿಟಿಟಿ ಎಂದೂ ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂದೂ ಹೆಸರಿರುತ್ತದೆ. ‘ನಿಮ್ಮ ಕಂಪ್ಯೂಟರ್ ಅರ್ಹವಲ್ಲ’ ಎಂಬ ಸಂದೇಶ ಕಂಡ ಕೂಡಲೇ ಹೊಸದಕ್ಕೆ ಮುಂಗಡ ಕೊಡುವ ಬದಲು ಮೊದಲು ಇದನ್ನು ನೋಡಿಸಬೇಕು.

ಅರ್ಹವಲ್ಲದ ಯಂತ್ರಕ್ಕೆ ಷರತ್ತುಗಳನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವ ಮಾರ್ಗಗಳೂ ಇವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುವ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 2024ರಲ್ಲಿ ಬಂದ ಆವೃತ್ತಿಯಿಂದ ತೀರ ಹಳೆಯ ಪ್ರೊಸೆಸರುಗಳಲ್ಲಿ ಅದು ಆರಂಭವೇ ಆಗುವುದಿಲ್ಲ. ಅಪ್‌ಡೇಟ್‌ಗಾಗಿಯೇ ಬದಲಾಯಿಸುತ್ತಿರುವಾಗ ಅಪ್‌ಡೇಟ್ ಖಾತರಿಯಿಲ್ಲದ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ.

ವಿಂಡೋಸ್ 10ರಲ್ಲೇ ಸ್ವಲ್ಪ ಕಾಲ ಉಳಿಯಲು ಮೈಕ್ರೋಸಾಫ್ಟ್ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಕೊಟ್ಟಿದೆ. ವೈಯಕ್ತಿಕ ಬಳಕೆದಾರರಿಗೆ ಇದು 2026ರ ಅಕ್ಟೋಬರ್ 13ರವರೆಗೆ. ಮೂವತ್ತು ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ ಕೊಡಬಹುದು, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ ಸಾವಿರ ಅಂಕ ಕೊಡಬಹುದು, ಇಲ್ಲವೇ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಯ ಮೂಲಕ ಕ್ಲೌಡ್‌ಗೆ ಸಿಂಕ್ ಮಾಡಿ ಉಚಿತವಾಗಿ ಪಡೆಯಬಹುದು. ಯಾವ ದಾರಿ ಹಿಡಿದರೂ ಮೈಕ್ರೋಸಾಫ್ಟ್ ಖಾತೆ ಬೇಕು, ಯಂತ್ರದಲ್ಲಿ 22ಎಚ್2 ಎಂಬ ಕೊನೆಯ ಆವೃತ್ತಿ ಇರಬೇಕು. ಸಂಸ್ಥೆಗಳಿಗೆ ಲೆಕ್ಕ ಬೇರೆ: ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಮುಂದೆ ವರ್ಷವರ್ಷಕ್ಕೆ ದುಪ್ಪಟ್ಟು, ಗರಿಷ್ಠ ಮೂರು ವರ್ಷ. ಮನೆಯ ಕಂಪ್ಯೂಟರಿಗೆ ಉಚಿತ ದಾರಿ ತೆರೆದಿರುವಾಗ ಅದನ್ನು ಬಳಸದಿರಲು ಕಾರಣವೇ ಇಲ್ಲ. ಆದರೆ ಅದು ಕೊಡುವುದು ಸಮಯವನ್ನಷ್ಟೇ. ಆ ಸಮಯದಲ್ಲಿ ಏನು ಮಾಡಬೇಕು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನನ್ನ ಚಿಕ್ಕಪ್ಪ ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಅಂಗಡಿ ನಡೆಸುತ್ತಾರೆ. ಮೂರು ಕಂಪ್ಯೂಟರು, ಎರಡು ಪ್ರಿಂಟರು, ಒಂದು ಝೆರಾಕ್ಸ್ ಯಂತ್ರ. ಮದುವೆ ಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಕ್ರಯಪತ್ರದ ಕರಡು, ಶಾಲೆಗಳ ಪ್ರಶ್ನೆಪತ್ರಿಕೆ ಇವೇ ಅಲ್ಲಿನ ಕೆಲಸ. ವಿಂಡೋಸ್ 10ರ ಅವಧಿ ಮುಗಿಯಿತು ಎಂದು ನಾನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಪ್ಪಾ, ಬೇರೆ ಹಾಕಿದ್ರೆ ನನ್ನ ಹಳೇ ಫೈಲೆಲ್ಲ ತೆರೀತಾವಾ?’ ಈ ಇಡೀ ಚರ್ಚೆಯಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು.

ಅವರ ಕಡತವೊಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಲಿನಕ್ಸ್ ಇದ್ದ ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಸಹಕಾರ ಸಂಘದ ಹೆಸರಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಯುರೋಪಿನ ಅಕ್ಷರಗಳು ಕಲಸುಮೇಲೋಗರವಾಗಿ ನಿಂತಿದ್ದವು. ಇದು ಲಿನಕ್ಸ್‌ನ ತಪ್ಪಲ್ಲ. ಅದೇ ಕಡತವನ್ನು ನುಡಿ ಫಾಂಟ್ ಇಲ್ಲದ ವಿಂಡೋಸ್ 11ರಲ್ಲಿ ತೆರೆದರೂ ಹೀಗೆಯೇ ಕಾಣುತ್ತದೆ. ನಮ್ಮಲ್ಲಿ ಆಸ್ಕಿ ಎಂದು ಕರೆಯುವ ಹಳೆಯ ನುಡಿ, ಬರಹ ಮುಂತಾದ ಫಾಂಟ್‌ಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು, ತಲೆಕಟ್ಟು, ಒತ್ತು, ಕೊಂಬುಗಳನ್ನು, ಬಿಡಿಸಿ ಇಟ್ಟಿರುತ್ತಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಕಡತದೊಳಗೆ ಕನ್ನಡವೇ ಇಲ್ಲ. ಫಾಂಟ್ ಇರುವವರೆಗೆ ಕನ್ನಡದಂತೆ ಕಾಣುತ್ತದೆ, ಫಾಂಟ್ ತೆಗೆದರೆ ಬಣ್ಣ ಬಯಲಾಗುತ್ತದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳು 1991ರಿಂದಲೇ ಇವೆ. 2001ರ ವಿಂಡೋಸ್ ಎಕ್ಸ್‌ಪಿಯೇ ತುಂಗಾ ಫಾಂಟ್‌ನೊಂದಿಗೆ ಯುನಿಕೋಡ್ ಕನ್ನಡವನ್ನು ತೋರಿಸುತ್ತಿತ್ತು. ಆದರೂ ಡಿಟಿಪಿ ಅಂಗಡಿಗಳು ಆಸ್ಕಿಯಲ್ಲೇ ಉಳಿದದ್ದಕ್ಕೆ ಕಾರಣ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶ. 2001ರ ಏಳನೆಯ ಆವೃತ್ತಿಯ ನಂತರ ಬೆಳೆಯದೆ ನಿಂತುಹೋದ ಆ ತಂತ್ರಾಂಶಕ್ಕೆ ಯುನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಕೈಗೆ ಅಭ್ಯಾಸವಾದ ಪೇಜ್‌ಮೇಕರ್, ಅದಕ್ಕಾಗಿ ಆಸ್ಕಿ ಫಾಂಟ್, ಅದಕ್ಕಾಗಿ ಹಳೆಯ ವಿಂಡೋಸ್: ಹೀಗೆ ಒಂದಕ್ಕೊಂದು ಗಂಟು ಬಿದ್ದಿದೆ.

ಹಾಗಾಗಿ ಚಿಕ್ಕಪ್ಪನನ್ನು ಕಟ್ಟಿಹಾಕಿರುವುದು ಆಪರೇಟಿಂಗ್ ಸಿಸ್ಟಮ್ ಎನ್ನುವುದಕ್ಕಿಂತ ಆ ಕಡತಗಳು ಎನ್ನಬೇಕು. ಅವನ್ನು ಯುನಿಕೋಡ್‌ಗೆ ತಂದರೆ ಅವರು ಯಾವ ಸಿಸ್ಟಮ್ ಬೇಕಾದರೂ ಆರಿಸಿಕೊಳ್ಳಬಹುದು. ತರದಿದ್ದರೆ ಹೊಸ ಕಂಪ್ಯೂಟರ್ ಕೊಂಡರೂ ಹಳೆಯ ಕಟ್ಟು ಬಿಡುವುದಿಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ತೊಡಕು ಬರುವುದು ಬೆರಕೆ ಕಡತಗಳಲ್ಲಿ: ಕ್ರಯಪತ್ರದ ನಡುವೆ ಬರುವ ಪಾನ್ ಸಂಖ್ಯೆ, ಇಂಗ್ಲಿಷ್ ಹೆಸರು, ವಿಳಾಸಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕಾಗುತ್ತದೆ. ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ಬದಲು ಇನ್‌ಡಿಸೈನ್ ಇದೆ. ಉಚಿತವಾಗಿ ಬೇಕೆಂದರೆ ಸ್ಕ್ರೈಬಸ್ ಇದೆ. ಸ್ಕ್ರೈಬಸ್ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ಅದರ ಈಗಿನ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ.

ಕೀಲಿಮಣೆಯ ವಿಷಯದಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ಕರ್ನಾಟಕ ಸರ್ಕಾರ ಅಧಿಕೃತವೆಂದು ಒಪ್ಪಿಕೊಂಡ ಕಗಪ ಕೀಲಿಮಣೆ ವಿಂಡೋಸ್ 10ರ ಜೊತೆ ಬರುವುದಿಲ್ಲ. ಅದರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸದ ಕೀಲಿಮಣೆ ಇದೆ, 2019ರಿಂದ ಉಚ್ಚಾರಣೆ ಆಧಾರಿತ ಕೀಲಿಮಣೆಯೊಂದಿದೆ, ಅಷ್ಟೆ. ಕಗಪ ಬೇಕೆಂದರೆ ನುಡಿಯಂಥ ಪ್ರತ್ಯೇಕ ತಂತ್ರಾಂಶ ಹಾಕಿಕೊಳ್ಳಬೇಕು. ನುಡಿ ಇರುವುದು ವಿಂಡೋಸ್‌ಗಾಗಿ, ಆದ್ದರಿಂದ ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲಾಗದು ಎಂದು ಹೆಚ್ಚಿನವರು ನಂಬಿದ್ದಾರೆ. ಆದರೆ ಉಬುಂಟು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಬಗೆಗಳ ಕೀಲಿಮಣೆ ಪಟ್ಟಿಯಲ್ಲೇ ಕನ್ನಡ ಕಗಪ ಸಿದ್ಧವಾಗಿದೆ. ಚಿಕ್ಕಪ್ಪ ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಒತ್ತಿದರು. ‘ಕನ್ನಡ’ ಎಂದು ಮೂಡಿತು. ಒತ್ತಕ್ಷರಕ್ಕೆ ಎಫ್ ಒತ್ತುವ ಬೆರಳಿನ ಅಭ್ಯಾಸ ಹಾಗೆಯೇ ಉಳಿಯುತ್ತದೆ ಎಂದು ಖಚಿತವಾದ ಮೇಲೆ ಅವರ ಅರ್ಧ ಆತಂಕ ಕಳೆಯಿತು. ಫಾಂಟಿನ ಮಟ್ಟಿಗೆ ನನ್ನ ಸಲಹೆ ಇಷ್ಟೇ: ತುಂಗಾ, ನಿರ್ಮಲಾ ಮೈಕ್ರೋಸಾಫ್ಟ್‌ನ ಫಾಂಟ್‌ಗಳಾದ್ದರಿಂದ ಬೇರೆ ಸಿಸ್ಟಮ್‌ನಲ್ಲಿ ಇರುವುದಿಲ್ಲ, ಸಾಲುಗಳು ಜರುಗಿ ಪುಟ ಕೆಡುತ್ತದೆ. ಎರಡೂ ಕಡೆ ಉಚಿತವಾಗಿ ಸಿಗುವ ನೋಟೋ ಕನ್ನಡ ಫಾಂಟ್ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ.

ಲಿನಕ್ಸ್‌ಗೆ ಹೋಗಲಾಗದ ಕೆಲಸಗಳೂ ಇವೆ, ಅವನ್ನು ಮುಚ್ಚಿಡಬಾರದು. ಟ್ಯಾಲಿ ವಿಂಡೋಸ್‌ಗಾಗಿಯೇ ಬರೆದ ಲೆಕ್ಕಪತ್ರ ತಂತ್ರಾಂಶ. ಫೋಟೋಶಾಪ್, ಕೋರೆಲ್‌ಡ್ರಾ ಲಿನಕ್ಸ್‌ಗೆ ಬರುವುದಿಲ್ಲ. ತೆರಿಗೆ ಸಲಹೆಗಾರರ ಬಳಿ ಇರುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಲಿನಕ್ಸ್ ಡ್ರೈವರ್ ಸಿಕ್ಕರೂ ಜಾಲತಾಣದ ಸಹಿ ತಂತ್ರಾಂಶದೊಂದಿಗೆ ಅದನ್ನು ಹೊಂದಿಸಲು ಅರ್ಧ ದಿನ ಹೋಗಬಹುದು, ಅದೂ ರಿಟರ್ನ್ ಸಲ್ಲಿಸುವ ಕೊನೆಯ ದಿನವಾಗಿದ್ದರೆ ದೇವರೇ ಗತಿ. ಪ್ರಿಂಟರಿನ ಕಥೆ ಮಿಶ್ರ: ಹೆಚ್ಚಿನವು ತಂತಿ ಚುಚ್ಚಿದ ಕೂಡಲೇ ಕೆಲಸ ಮಾಡುತ್ತವೆ, ಆದರೆ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕೆಲವು ಅಗ್ಗದ ಲೇಸರ್ ಪ್ರಿಂಟರುಗಳು ತಯಾರಕರ ಡ್ರೈವರ್ ಇಲ್ಲದೆ ಮಿಸುಕಾಡುವುದಿಲ್ಲ. ಲೆಕ್ಕಪತ್ರವೇ ಜೀವಾಳವಾದ ಕಚೇರಿಗೆ ನಾನು ವಿಂಡೋಸ್ 11 ಇರುವ ಯಂತ್ರವನ್ನೇ ಸೂಚಿಸುತ್ತೇನೆ.

ಇನ್ನೊಂದು ತುದಿಯಲ್ಲಿ, ಬ್ರೌಸರ್ ಒಂದೇ ಸಾಕಾದ ಮನೆಗಳಿವೆ. ಮಕ್ಕಳ ಪಾಠ, ಬ್ಯಾಂಕ್, ಮೇಲ್, ಯೂಟ್ಯೂಬ್, ಅಪರೂಪಕ್ಕೊಂದು ಅರ್ಜಿ. ಅಲ್ಲಿ ಲಿನಕ್ಸ್ ಮಿಂಟ್‌ನಂಥ ಸಿಸ್ಟಮ್‌ಗೆ ಬದಲಾಯಿಸಿದರೆ ಒಂದು ವಾರದ ನಂತರ ಯಾರಿಗೂ ವ್ಯತ್ಯಾಸವೇ ತೋರುವುದಿಲ್ಲ. ಅದರ 22ನೆಯ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ, ನಾಲ್ಕು ಜಿಬಿ ರ‍್ಯಾಮ್ ಸಾಕು. ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಇನ್ನೂ ಸರಳ. ಆದರೆ ಅದರಲ್ಲಿ ಎಲ್ಲವೂ ಗೂಗಲ್ ಖಾತೆಗೆ ಅಂಟಿಕೊಂಡಿರುತ್ತದೆ, ಪ್ಲೇ ಸ್ಟೋರಿನ ಆಪ್‌ಗಳೂ ಇರುವುದಿಲ್ಲ. ಯಾವ ಸಿಸ್ಟಮ್ ಆದರೂ ಸರಿ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸುವುದು ಮೊದಲ ಖರ್ಚಾಗಬೇಕು. ನಿಧಾನವಾಗಿದೆ ಎಂದು ಮೂಲೆಗೆ ಸರಿಸಿದ ಯಂತ್ರಗಳಲ್ಲಿ ಬಹುಪಾಲು ಅದೊಂದರಿಂದಲೇ ಎದ್ದು ಕೂರುತ್ತವೆ.

ದೊಡ್ಡ ಸಂಸ್ಥೆಗಳ ಅನುಭವವೂ ಕಡತದಿಂದಲೇ ಆರಂಭಿಸಬೇಕು ಎಂಬುದನ್ನೇ ತೋರಿಸುತ್ತದೆ. ಫ್ರಾನ್ಸಿನ ಜಾಂಡಾರ್ಮರಿ ಎಂಬ ಪೊಲೀಸ್ ಪಡೆ 2005ರಲ್ಲಿ ಮೊದಲು ಬದಲಾಯಿಸಿದ್ದು ಕಚೇರಿ ತಂತ್ರಾಂಶವನ್ನು: ಮೈಕ್ರೋಸಾಫ್ಟ್ ಆಫೀಸ್ ಬದಲು ಓಪನ್ ಆಫೀಸ್. ಮರುವರ್ಷ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್. 2008ರಿಂದಾಚೆಗೆ, ಸಿಬ್ಬಂದಿಗೆ ಕಾಣುವ ತಂತ್ರಾಂಶಗಳೆಲ್ಲ ಪರಿಚಿತವಾದ ಮೇಲೆ, ತಳದ ವಿಂಡೋಸ್ ತೆಗೆದು ಉಬುಂಟು ಹಾಕುತ್ತ ಹೋದರು. ಈಗ ಅಲ್ಲಿ ಒಂದು ಲಕ್ಷದಷ್ಟು ಕಂಪ್ಯೂಟರುಗಳು ಲಿನಕ್ಸ್‌ನಲ್ಲಿವೆ. ಜರ್ಮನಿಯ ಮ್ಯೂನಿಕ್ ನಗರ 2003ರಲ್ಲಿ ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು; ಅದರ ಹಿಂದೆ ರಾಜಕೀಯವೂ ಇತ್ತು, ಹೊರಗಿನವರೊಂದಿಗೆ ಕಡತ ವಿನಿಮಯದ ದೂರುಗಳೂ ಇದ್ದವು. ಈಗ ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ನೌಕರರ ಕಂಪ್ಯೂಟರುಗಳಲ್ಲಿ ಮೊದಲು ಲಿಬ್ರೆ ಆಫೀಸ್, ಆಮೇಲೆ ಮೇಲ್, ಕೊನೆಗೆ ಆಪರೇಟಿಂಗ್ ಸಿಸ್ಟಮ್ ಎಂಬ ಕ್ರಮ ಹಿಡಿದಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಕೈಟ್ ಸಂಸ್ಥೆ ಸಿದ್ಧಪಡಿಸುವ ಉಬುಂಟು ಆಧರಿತ ಸಿಸ್ಟಮ್‌ನಲ್ಲೇ ಪಾಠ ನಡೆಸುತ್ತವೆ. ಅಲ್ಲಿಯ ಮಕ್ಕಳಿಗೆ ಅದು ಬದಲಾವಣೆಯೂ ಅಲ್ಲ, ಕಲಿತದ್ದೇ ಅದು.

ಲಿನಕ್ಸ್ ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಏನನ್ನೂ ಅಳಿಸಬೇಕಾಗಿಲ್ಲ. ಪೆನ್‌ಡ್ರೈವ್‌ನಿಂದಲೇ ಆರಂಭಿಸಿ ವೈಫೈ, ಧ್ವನಿ, ಪ್ರಿಂಟರ್, ಕನ್ನಡ ಟೈಪಿಂಗ್ ಸರಿಯಿದೆಯೇ ಎಂದು ಒಂದೆರಡು ಗಂಟೆ ನೋಡಬಹುದು. ಡಿಸ್ಕಿಗೆ ಹಾಕುವ ಮುನ್ನ ಕಡತಗಳ ಪ್ರತಿ ಬೇರೆಡೆ ಇರಲಿ, ಡಿಸ್ಕನ್ನು ಗೂಢಲಿಪಿಗೆ ಬದಲಿಸುವ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರಿ. ಈ ಎರಡನ್ನು ಮರೆತು ಅತ್ತವರನ್ನು ನಾನು ಕಂಡಿದ್ದೇನೆ.

ಚಿಕ್ಕಪ್ಪನ ಅಂಗಡಿಯಲ್ಲಿ ಮೂರು ಯಂತ್ರಗಳಿಗೆ ಮೂರು ಬಗೆಯ ಉತ್ತರ ಸಿಕ್ಕಿತು. ಒಂಬತ್ತನೆಯ ಪೀಳಿಗೆಯ ಪ್ರೊಸೆಸರ್ ಇದ್ದ ಯಂತ್ರದಲ್ಲಿ ಪಿಟಿಟಿ ಆನ್ ಮಾಡಿದ ಮೇಲೆ ವಿಂಡೋಸ್ 11 ಬಂತು. ಇನ್‌ಡಿಸೈನ್, ಲೆಕ್ಕಪತ್ರ ಅದರಲ್ಲಿ. ಆರನೆಯ ಪೀಳಿಗೆಯದರಲ್ಲಿ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಹಾಕಿದೆವು. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳನ್ನು ಈಗ ಮೊದಲು ಅದಕ್ಕೇ ಚುಚ್ಚುವುದು, ಏಕೆಂದರೆ ಫೋಲ್ಡರುಗಳನ್ನು ಅಡಗಿಸಿ ಶಾರ್ಟ್‌ಕಟ್ ಮಾಡುವ ವಿಂಡೋಸ್ ವೈರಸ್‌ಗಳು ಅಲ್ಲಿ ಚಾಲನೆಗೊಳ್ಳುವುದಿಲ್ಲ. ಬೇಕಾದ ಕಡತವೊಂದನ್ನೇ ಆರಿಸಿ ಉಳಿದ ಯಂತ್ರಗಳಿಗೆ ಕಳಿಸಬಹುದು. ಮೂರನೆಯದು ವಿಂಡೋಸ್ 10ರಲ್ಲೇ ಇದೆ, ನೆಟ್ ತಂತಿ ಕಿತ್ತಿಟ್ಟಿದ್ದೇವೆ, ಪೇಜ್‌ಮೇಕರ್ ಮತ್ತು ಹಳೆಯ ಫಾಂಟ್‌ಗಳಿಗಾಗಿ ಮಾತ್ರ. ಹಳೆಯ ಗಿರಾಕಿ ಯಾರಾದರೂ ಬಂದು ಹಿಂದಿನ ಕಡತ ಕೇಳಿದರೆ ಅದನ್ನು ಅಲ್ಲಿ ತೆರೆದು, ಯುನಿಕೋಡ್‌ಗೆ ಬದಲಿಸಿ, ತಿದ್ದಿ, ಹೊಸ ಯಂತ್ರಕ್ಕೆ ಸಾಗಿಸುತ್ತಾರೆ. ಯಾರೂ ಕೇಳದವುಗಳನ್ನು ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ ವರ್ಷದ ಲೆಕ್ಕದಲ್ಲಿ ಮುಗಿಸುತ್ತ ಬಂದಿದ್ದಾರೆ. ಸಹಕಾರ ಸಂಘಗಳ ವರದಿಗಳು 2019ರವರೆಗೆ ಆಗಿವೆ. ಮದುವೆ ಪತ್ರಿಕೆಗಳನ್ನು ಇನ್ನೂ ಮುಟ್ಟಿಲ್ಲ.